ತಲ್ಪ, ಗಿಲ್ಪ ಮತ್ತು ಸಾರ್ವಕಾಲಿಕ ಹತ್ತು

2022ರ ಅಕ್ಟೋಬರ್‌ನಲ್ಲಿ, ಸಿನಿಮಾ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತ ಘಟಕ ಸಾರ್ವಕಾಲಿಕ ಶ್ರೇಷ್ಠ ಭಾರತೀಯ ಸಿನಿಮಾಗಳ ಪಟ್ಟಿಯೊಂದನ್ನು ಹೊರಡಿಸಿತು. ಮತ ಹಾಕಿದವರು ಮೂವತ್ತು ಮಂದಿ, ಅದೂ ಗುಟ್ಟಾಗಿ. ಮೊದಲ ಸ್ಥಾನ ‘ಪಥೇರ್ ಪಾಂಚಾಲಿ’ಗೆ, ಅದರಲ್ಲಿ ಅಚ್ಚರಿಯೇನಿಲ್ಲ. ಎರಡನೆಯದು ಘಟಕರ ‘ಮೇಘೆ ಢಾಕಾ ತಾರಾ’, ಮೂರನೆಯದು ‘ಭುವನ್ ಶೋಮ್’, ನಾಲ್ಕನೆಯದು ಅಡೂರರ ‘ಎಲಿಪ್ಪತ್ತಾಯಂ’. ಐದನೆಯದು ನಮ್ಮ ‘ಘಟಶ್ರಾದ್ಧ’. ಆಮೇಲೆ ‘ಗರ್ಮ್ ಹವಾ’, ‘ಚಾರುಲತಾ’, ‘ಅಂಕುರ್’, ‘ಪ್ಯಾಸಾ’, ಕೊನೆಗೆ ‘ಶೋಲೆ’.

ಇಂಥ ಪಟ್ಟಿ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ತಲೆ ಎಣಿಸುವುದು. ಹಿಂದಿಗೆ ಐದು, ಬಂಗಾಳಿಗೆ ಮೂರು, ಮಲಯಾಳಕ್ಕೊಂದು, ಕನ್ನಡಕ್ಕೊಂದು. ತಮಿಳು, ತೆಲುಗು, ಮರಾಠಿಗೆ ಸೊನ್ನೆ. ಎಣಿಸುವ ಹುಮ್ಮಸ್ಸು ಹೆಚ್ಚಿದ್ದರೆ ‘ಶೋಲೆ’ಯ ಬಂಡೆಗಳು ರಾಮನಗರದವು, ‘ಪ್ಯಾಸಾ’ದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ‘ಅಂಕುರ್’ನ ನಾಯಕ ಅನಂತನಾಗ್ ಎಂದು ಲೆಕ್ಕ ಬೆಳೆಸಬಹುದು. ಆದರೆ ಆ ದಾರಿಯಲ್ಲಿ ಹೊರಟವರು ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ನಿರ್ದೇಶಕ ವೈ.ವಿ. ರಾವ್ ಮತ್ತು ‘ಸಂಸ್ಕಾರ’ದ ನಿರ್ದೇಶಕ, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ಇಬ್ಬರೂ ನೆಲ್ಲೂರಿನವರು.

ನಾನಿರುವುದು ಹೈದರಾಬಾದಿನಲ್ಲಿ. ಇಲ್ಲಿ ಆ ತೆಲುಗಿನ ಸೊನ್ನೆಯನ್ನು ಹಾಗೆ ಎಣಿಸಿ ಮುಂದೆ ಹೋಗುವಂತಿಲ್ಲ. ಸಿನಿಮಾ ವಿಷಯ ಬಂದರೆ ಇರಾನಿ ಚಹಾ ತಣ್ಣಗಾಗುವವರೆಗೂ ವಾದ ಮುಗಿಯುವುದಿಲ್ಲ, ಆ ವಾದದಲ್ಲಿ ಒಂದು ಹೆಸರು ಬಂದೇ ಬರುತ್ತದೆ: ‘ಮಾಯಾಬಜಾರ್’. ಕೆ.ವಿ. ರೆಡ್ಡಿಯವರು 1957ರಲ್ಲಿ ಮಾಡಿದ, ಪಾಂಡವರ ಮುಖವನ್ನೇ ತೋರಿಸದೆ ಮಹಾಭಾರತದ ಕತೆ ಹೇಳಿದ ಸಿನಿಮಾ. 2013ರಲ್ಲಿ ಸಿಎನ್‌ಎನ್-ಐಬಿಎನ್ ವಾಹಿನಿ ನೂರು ಭಾರತೀಯ ಸಿನಿಮಾಗಳನ್ನು ಮುಂದಿಟ್ಟು ಅಂತರ್ಜಾಲದಲ್ಲಿ ಜನರ ಮತ ಕೇಳಿದಾಗ ಗೆದ್ದದ್ದು ಇದೇ. ಒಂಬತ್ತು ವರ್ಷದ ಅಂತರದಲ್ಲಿ ಎರಡು ಪಟ್ಟಿ: ಒಂದರಲ್ಲಿ ಮೊದಲನೆಯದು, ಇನ್ನೊಂದರಲ್ಲಿ ಹತ್ತರೊಳಗೂ ಇಲ್ಲ. ತೆಲುಗರು ಗುಂಪುಗೂಡಿ ಗುಂಡಿ ಒತ್ತಿರಬೇಕು ಎಂದು ಮೂಗು ಮುರಿಯಬಹುದು. ಇರಬಹುದು. ಆದರೆ ಆ ಮೂವತ್ತು ಮಂದಿಯ ಪಟ್ಟಿಯಲ್ಲಿ ಅದು ಯಾಕಿಲ್ಲ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನನ್ನ ಉತ್ತರ ಕಸುಬಿನಿಂದ ಬಂದದ್ದು. ಸಬ್‌ಟೈಟಲ್ ಬರೆಯುವವರಿಗೆ ಸಿಗುವುದು ಪರದೆಯ ತಳದಲ್ಲಿ ಎರಡು ಸಾಲು, ಸಾಲಿಗೆ ನಲವತ್ತರ ಆಸುಪಾಸು ಅಕ್ಷರ, ಓದಲು ಕೆಲವೇ ಸೆಕೆಂಡು. ‘ಮಾಯಾಬಜಾರ್’ಗೆ ಮಾತು ಬರೆದ ಪಿಂಗಳಿ ನಾಗೇಂದ್ರರಾವ್ ಈ ಎರಡು ಸಾಲಿಗೆ ಬಗ್ಗುವ ಆಸಾಮಿಯಲ್ಲ. ಘಟೋತ್ಕಚನ ಚೇಲಾಗಳು ಕೌರವರ ಕಡೆಯವರಿಗೆ ಬಿಡಾರ ಸಜ್ಜು ಮಾಡುತ್ತಾರೆ. ಅಲ್ಲಿ ತಲ್ಪದ ಜೊತೆ ‘ಗಿಲ್ಪ’, ಕಂಬಳಿಯ ಜೊತೆ ‘ಗಿಂಬಳಿ’. ಅವು ಮಾಯೆಯ ಮಂಚ, ಮಾಯೆಯ ಹಾಸು; ಬಂದವರನ್ನು ಪೀಡಿಸುವುದೇ ಅವುಗಳ ಕೆಲಸ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟಗೀಟ, ಮನೆಗಿನೆ, ಕಾಫಿಗೀಫಿ ಎನ್ನುವ ಬಾಯಿ ನಮ್ಮದು. ಭಾಷಾವಿಜ್ಞಾನದಲ್ಲಿ ಇವನ್ನು ಪ್ರತಿಧ್ವನಿ ಪದಗಳೆನ್ನುತ್ತಾರೆ. ದ್ರಾವಿಡ ಜನಪದ ಕತೆಗಳಲ್ಲಿ ಇವು ಬರುವ ಬಗೆಯ ಮೇಲೆ ಎಮಿನೊ 1938ರಷ್ಟು ಹಿಂದೆಯೇ ಬರೆದಿದ್ದಾರೆ. ಹಿಂದಿಯವರು ‘ಚಾಯ್‌ವಾಯ್’ ಎಂದು ವಕಾರ ಹಿಡಿಯುತ್ತಾರೆ, ಬಂಗಾಳಿಗಳು ‘ಜೊಲ್‌ಟೊಲ್’ ಎಂದು ಟಕಾರ. ಎರಡನೆಯ ಪದಕ್ಕೆ ಸ್ವಂತ ಅರ್ಥವಿಲ್ಲ, ‘ಅದು ಇದು’ ಎಂಬಷ್ಟೇ ಧ್ವನಿ. ಪಿಂಗಳಿಯವರ ತುಂಟತನ ಇರುವುದು ಇಲ್ಲೇ: ಅರ್ಥವೇ ಇಲ್ಲದ ಪದಕ್ಕೆ ಅವರು ಒಂದು ವಸ್ತುವನ್ನು ಕೊಟ್ಟರು. ಗಿಂಬಳಿ ಎಂಬುದು ನಿಜಕ್ಕೂ ಒಂದಿದ್ದರೆ ಹೇಗಿರುತ್ತದೆ ಎಂದು ತೋರಿಸಿಯೇಬಿಟ್ಟರು. ಮಾತನ್ನು ಯಾರಾದರೂ ಹುಟ್ಟಿಸದೆ ಅದು ಹುಟ್ಟುವುದಾದರೂ ಹೇಗೆ ಎಂದು ಅದೇ ಸಿನಿಮಾದಲ್ಲಿ ಘಟೋತ್ಕಚ ಕೇಳುತ್ತಾನೆ, ಹುಟ್ಟಿಸಿದವನಿಗೆ ಬಹುಮಾನವನ್ನೂ ಕೊಡಿಸುತ್ತಾನೆ. ಇದನ್ನು ಇಂಗ್ಲಿಷಿನ ಎರಡು ಸಾಲಿಗೆ ತುಂಬಿದರೆ ಉಳಿಯುವುದು ಒಂದು ಮಂಚ, ಒಂದು ರತ್ನಗಂಬಳಿ. ಆ ಸಾಲು ಓದಿ ಮತ ಹಾಕುವ ಕೊಲ್ಕತ್ತದ ವಿಮರ್ಶಕರಿಗೆ ಇದೊಂದು ಚೆಂದದ ಪೌರಾಣಿಕ ತಮಾಷೆ, ಅಷ್ಟೆ. ಅವರನ್ನು ತಪ್ಪೆನ್ನಲಾರೆ. ಅವರು ನೋಡಿದ ಸಿನಿಮಾ ಅದೇ.

‘ಘಟಶ್ರಾದ್ಧ’ ಯಾಕೆ ದಾಟಿಕೊಂಡು ಹೋಯಿತು ಎಂಬುದನ್ನೂ ಇದೇ ಕಡೆಯಿಂದ ನೋಡಬೇಕು. ನನ್ನ ಮಟ್ಟಿಗೆ ಅದು ಐದರಲ್ಲ, ಇನ್ನೂ ಮೇಲಿರಬೇಕಾದ ಕೃತಿ. ಆದರೆ ಅದರ ಶಕ್ತಿಯ ಬಹುಭಾಗ ಮಾತಿನಲ್ಲಿಲ್ಲ. ನಾಣಿ ಎಂಬ ಹುಡುಗನ ಕಣ್ಣಿನಲ್ಲಿದೆ, ಎಸ್. ರಾಮಚಂದ್ರರ ಕ್ಯಾಮೆರಾದಲ್ಲಿದೆ. ಕಣ್ಣಿಗೆ ಸಬ್‌ಟೈಟಲ್ ಬೇಡ. ಮಾತು ಬೇಕಾದಲ್ಲಿ ಅದೂ ಸೋರಿದೆ. ಶೀರ್ಷಿಕೆಯನ್ನೇ ನೋಡಿ: ಇಂಗ್ಲಿಷಿನಲ್ಲಿ ಅದು ‘ದಿ ರಿಚುಯಲ್’, ಬರೀ ‘ವಿಧಿ’. ಬದುಕಿರುವವಳಿಗೆ ಶ್ರಾದ್ಧ ಮಾಡಿ, ಮಡಕೆ ಒಡೆದು, ಇನ್ನು ನೀನು ನಮ್ಮ ಪಾಲಿಗೆ ಸತ್ತೆ ಎನ್ನುವ ಕ್ರೌರ್ಯ ಆ ಪದದಲ್ಲಿ ಎಲ್ಲಿದೆ? ಕನ್ನಡಿಗರಿಗೆ ಟಿಕೆಟ್ಟಿನ ಮೇಲೆಯೇ ಕಂಡ ಸಾವು, ಹೊರಗಿನವರಿಗೆ ಸಿನಿಮಾ ಮುಗಿಯುವಾಗ ಸಿಗುತ್ತದೆ. ಆದರೂ ಅದು ಗೆದ್ದಿತು ಎಂಬುದು ಕಾಸರವಳ್ಳಿಯವರ ದೊಡ್ಡತನ.

ಇನ್ನು ಮತ ಎಣಿಸುವ ರೀತಿ. ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. ಮತದಾರರು ಹತ್ತು ಹೆಸರು ಬರೆಯಬೇಕು. ಹತ್ತಕ್ಕೂ ಒಂದೊಂದೇ ಮತ, ಯಾವುದು ಮೇಲೆ ಯಾವುದು ಕೆಳಗೆ ಎಂಬುದಕ್ಕೆ ಬೆಲೆಯಿಲ್ಲ. ಈಗ ಲೆಕ್ಕಕ್ಕೆಂದು ಮೂವತ್ತು ಮತದಾರರನ್ನು ಇಟ್ಟುಕೊಳ್ಳಿ. ತೆಲುಗು ಬಲ್ಲ ಎಂಟು ಮಂದಿಯೂ ‘ಮಾಯಾಬಜಾರ್’ ಅನ್ನು ಪ್ರಾಣಕ್ಕೆ ಹತ್ತಿರವೆಂದು ಬರೆದರು: ಎಂಟು ಮತ. ಎಲ್ಲರೂ ನೋಡಿರುವ ಇನ್ನೊಂದನ್ನು ಒಂಬತ್ತು ಮಂದಿ ಹತ್ತನೆಯ ಜಾಗ ತುಂಬಲೆಂದು ಸೇರಿಸಿದರು: ಒಂಬತ್ತು ಮತ. ಗೆದ್ದದ್ದು ಎರಡನೆಯದು. ಹಾಗಾಗಿ ಇಂಥ ಪಟ್ಟಿ ಪ್ರೀತಿಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಪರಿಚಯವನ್ನು ಅಳೆಯುತ್ತದೆ. 2022ರಲ್ಲಿ 1,600ಕ್ಕೂ ಹೆಚ್ಚು ಮಂದಿ ಮತ ಹಾಕಿದರು, ಶಾಂತಾಲ್ ಅಕರ್‌ಮನ್‌ರ ‘ಜಾನ್ ಡೀಲ್‌ಮನ್’ ಮೊದಲ ಸ್ಥಾನಕ್ಕೆ ಬಂದಿತು, ಮೊದಲ ಬಾರಿಗೆ ಒಬ್ಬ ಮಹಿಳೆಯ ಸಿನಿಮಾ. ಕರೆಯಬೇಕಾದವರನ್ನು ಕರೆದರೆ ಪಟ್ಟಿ ಬದಲಾಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಆದರೂ ನೂರರಲ್ಲಿ ಭಾರತದ್ದು ಒಂದೇ, 35ನೆಯ ಜಾಗದಲ್ಲಿ. ಯಾವುದೆಂದು ಬೇರೆ ಹೇಳಬೇಕೆ?

‘ಅಂಕುರ್’ ಬಗ್ಗೆ ನನಗೆ ಬೇರೆಯದೇ ತಕರಾರಿದೆ. ಶ್ಯಾಮ್ ಬೆನೆಗಲ್ ಸಿಕಂದರಾಬಾದಿನ ಕಡೆ ಬೆಳೆದವರು, ಈ ಊರಿನಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದವರು, ‘ಅಂಕುರ್’ ಅನ್ನು ಚಿತ್ರಿಸಿದ್ದೂ ಇಲ್ಲೇ ಹೊರವಲಯದಲ್ಲಿ. ಅದರ ಹಳ್ಳಿಯವರ ಬಾಯಲ್ಲಿರುವುದು ದಖನಿ. ಕಲಬುರಗಿ, ಬೀದರಿನ ಓದುಗರಿಗೆ ಆ ‘ನಕ್ಕೋ’, ಆ ಎಳೆತ ಮನೆ ಪಕ್ಕದ್ದು. ಪಟ್ಟಿಯಲ್ಲಿ ಮಾತ್ರ ಅದು ‘ಹಿಂದಿ’. ಹಿಂದಿಗೆ ಐದು ಎಂದು ಎಣಿಸಿದೆನಲ್ಲ, ಅದರಲ್ಲೊಂದು ಹೀಗೆ ಬಂದದ್ದು.

ಇಷ್ಟಾದ ಮೇಲೆ ಪಟ್ಟಿಗಳೇ ಬೇಡವೆನ್ನುತ್ತೇನೆಂದು ನೀವು ಅಂದುಕೊಂಡಿರಬಹುದು. ಇಲ್ಲ, ನನಗೆ ಬೇಕು. ಹೆಸರಿಲ್ಲದ ಸಿನಿಮಾವನ್ನು ಯಾರೂ ಉಳಿಸುವುದಿಲ್ಲ. 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ; ಅದು ಶ್ರೇಷ್ಠವೋ ಸಾಧಾರಣವೋ ಎಂದು ಜಗಳವಾಡುವ ಭಾಗ್ಯವೂ ನಮಗಿಲ್ಲ. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ಸಂಸ್ಥೆ ಸೇರಿ ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಐದನೆಯ ಸ್ಥಾನದಿಂದಲೇ ಇದಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಹಣ ಹುಡುಕುವವರ ಕೈಯಲ್ಲಿ ಒಂದು ಪಟ್ಟಿ ಇದ್ದರೆ ಕೆಲಸ ಹಗುರವಾಗುತ್ತದೆ.

ಹಾಗಾಗಿ ಪಟ್ಟಿ ಮಾಡುವವರಿಂದ ನಾನು ಕೇಳುವುದು ಎರಡು. ಗುಪ್ತ ಮತದಾನ ಚುನಾವಣೆಗಿರಲಿ, ಸಿನಿಮಾಕ್ಕೆ ಬೇಡ. ‘ಸೈಟ್ ಆ್ಯಂಡ್ ಸೌಂಡ್’ನವರಂತೆ ಯಾರು ಯಾವ ಹತ್ತು ಬರೆದರೆಂದು ಪ್ರಕಟಿಸಿ. ಒಟ್ಟು ಪಟ್ಟಿಗಿಂತ ಆ ಬಿಡಿ ಚೀಟಿಗಳೇ ಓದಲು ಸೊಗಸು, ಯಾರೂ ಕೇಳದ ಹೆಸರುಗಳು ಅಡಗಿರುವುದೂ ಅಲ್ಲೇ. ಜೊತೆಗೆ, ಪ್ರತಿಯೊಬ್ಬರೂ ಸಬ್‌ಟೈಟಲ್ ಇಲ್ಲದೆ ಯಾವ ಭಾಷೆಯ ಸಿನಿಮಾ ನೋಡಬಲ್ಲರು ಎಂಬುದನ್ನು ಹೆಸರಿನ ಮುಂದೆ ಬರೆಯಲಿ.

ಮೂರನೆಯದು ನಮ್ಮ ಪಾಲಿನ ಕೆಲಸ. ಕನ್ನಡ ಸಿನಿಮಾಗಳು ಇಂಗ್ಲಿಷ್ ಸಾಲು ಹೊತ್ತು ಮ್ಯಾನ್‌ಹೈಮ್‌ಗೋ ವೆನಿಸ್‌ಗೋ ಹೋಗುತ್ತವೆ, ನಲ್ಲಕುಂಟಕ್ಕೆ ಬರುವುದಿಲ್ಲ. ‘ಘಟಶ್ರಾದ್ಧ’ಕ್ಕೆ ತೆಲುಗು ಸಾಲು ಬರೆಯಲು ಶೀರ್ಷಿಕೆಯನ್ನು ಮುಟ್ಟಬೇಕಾಗಿಯೇ ಇಲ್ಲ, ಹಾಗೇ ಇಟ್ಟರಾಯಿತು. ‘ಮಾಯಾಬಜಾರ್’ ಒಂದು ಕಾಲದಲ್ಲಿ ಕನ್ನಡಕ್ಕೆ ಡಬ್ ಕೂಡ ಆಗಿತ್ತು. ಈಗ ಯಾರಾದರೂ ಕನ್ನಡ ಸಬ್‌ಟೈಟಲ್ ಬರೆಸುವುದಾದರೆ ನಾನು ತಯಾರು. ಗಿಂಬಳಿಯ ಸಾಲಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.