ಲೆಕ್ಕ ಕ್ಲೌಡ್‌ನಲ್ಲಿ, ಕೀಲಿಕೈ ಯಾರ ಹತ್ರ?

ಇವತ್ತು ಕ್ಲೌಡ್ ಕಂಪ್ಯೂಟಿಂಗ್ ಬಗ್ಗೆ ಮಾತಾಡೋಣ. ದುಬೈ, ಅಬುಧಾಬಿಯಲ್ಲಿ ಸಣ್ಣ ವ್ಯಾಪಾರ ನಡೆಸ್ತಿರೋ ಕನ್ನಡಿಗರನ್ನ ಮನಸ್ಸಲ್ಲಿಟ್ಟುಕೊಂಡು ಹೇಳ್ತಿದ್ದೀವಿ. ಆದ್ರೆ ಬೇರೆ ಊರಲ್ಲಿ ಅಂಗಡಿ ಇಟ್ಟಿರೋರಿಗೂ ಇದರಲ್ಲಿ ಕೆಲಸಕ್ಕೆ ಬರೋದು ಇದೆ.

ಕ್ಲೌಡ್ ಅಂದ್ರೆ ಮೋಡ ಅಂತ ಹೆಸರಷ್ಟೇ. ನಿಜದಲ್ಲಿ ಅದು ನೆಲದ ಮೇಲಿರೋ ದೊಡ್ಡ ಕಟ್ಟಡ. ಒಳಗೆ ಸಾವಿರಾರು ಸರ್ವರ್‌ಗಳು, ಅವುಗಳಿಗೆ ಕರೆಂಟು, ಎಸಿ, ಹಗಲೂ ರಾತ್ರಿ ಕಾವಲು. ಅದರಲ್ಲಿ ನಮಗೆ ಬೇಕಾದಷ್ಟು ಜಾಗ, ಬೇಕಾದಷ್ಟು ಕೆಲಸವನ್ನ ಬಾಡಿಗೆಗೆ ತಗೊಳ್ತೀವಿ. ಖಾಲಿ ಸರ್ವರ್ ಬಾಡಿಗೆಗೆ ತಗೊಂಡು ಎಲ್ಲವನ್ನೂ ನಾವೇ ಜೋಡಿಸಬಹುದು, ಇಲ್ಲಾಂದ್ರೆ ಸಿದ್ಧವಾಗಿರೋ ಲೆಕ್ಕದ ಸಾಫ್ಟ್‌ವೇರನ್ನ ತಿಂಗಳ ಬಾಡಿಗೆಗೆ ಬಳಸಬಹುದು. ಸಣ್ಣ ಅಂಗಡಿಗೆ ಎರಡನೆಯದೇ ಸಾಕು.

ಆ ಕಟ್ಟಡಗಳು ಈಗ ಎಮಿರೇಟ್ಸ್‌ನಲ್ಲೇ ಇವೆ. ಮೈಕ್ರೋಸಾಫ್ಟ್ 2019ರಲ್ಲಿ ದುಬೈ ಮತ್ತು ಅಬುಧಾಬಿಯಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಅಮೆಜಾನ್ 2022ರ ಆಗಸ್ಟ್‌ನಲ್ಲಿ ಬಂತು. ಇದು ಬರೀ ವೇಗದ ಮಾತಲ್ಲ. 2019ರ ಆರೋಗ್ಯ ಮಾಹಿತಿ ಕಾನೂನಿನ ಪ್ರಕಾರ ಕ್ಲಿನಿಕ್ ನಡೆಸೋರು ರೋಗಿಗಳ ಮಾಹಿತಿಯನ್ನ, ಕೆಲವು ವಿನಾಯಿತಿ ಬಿಟ್ರೆ, ದೇಶದ ಹೊರಗೆ ಇಡೋ ಹಾಗಿಲ್ಲ. ಹಾಗಾಗಿ 'ಡೇಟಾ ಯಾವ ಊರಲ್ಲಿದೆ' ಅಂತ ಮೊದಲೇ ಕೇಳಬೇಕು.

ವ್ಯಾಪಾರಸ್ಥರು ಕ್ಲೌಡ್‌ಗೆ ಹೋಗಲೇಬೇಕಾ? ಹೋಗಬೇಕು ಅನ್ನೋದೇ ನಮ್ಮ ಅಭಿಪ್ರಾಯ. 2018ರಲ್ಲಿ ಶೇ. 5ರ ವ್ಯಾಟ್ ಬಂತು, 2023ರ ಜೂನ್‌ನಿಂದ ಕಾರ್ಪೊರೇಟ್ ತೆರಿಗೆ ಬಂತು. ಈ ತೆರಿಗೆಯ ನಿಯಮದಂತೆ ಲೆಕ್ಕಪತ್ರಗಳನ್ನು 7 ವರ್ಷ ಕಾಪಾಡಬೇಕು. ಗಲ್ಲಾಪೆಟ್ಟಿಗೆ ಪಕ್ಕದ ಒಂದೇ ಕಂಪ್ಯೂಟರನ್ನ ನಂಬಿ 7 ವರ್ಷ ಕೂರೋಕಾಗುತ್ತಾ? 2024ರ ಏಪ್ರಿಲ್ 16ರ ಮಳೆ ನೆನಪಿದೆಯಲ್ಲ. 1949ರಲ್ಲಿ ದಾಖಲೆ ಶುರುವಾದ ಮೇಲೆ ಅಂಥ ಮಳೆ ಆ ದೇಶ ಕಂಡಿರಲಿಲ್ಲ. ನೆಲಮಹಡಿಗೆ ನೀರು ನುಗ್ಗಿದ್ರೆ ಹಾರ್ಡ್ ಡಿಸ್ಕ್ ಗತಿ ಏನು?

ಆದರೆ ಕ್ಲೌಡ್‌ಗೆ ಹಾಕಿದ ತಕ್ಷಣ ನಿಶ್ಚಿಂತೆ ಅಂತ ಮಾರಾಟಗಾರರು ಹೇಳೋದನ್ನ ನಾವು ಒಪ್ಪಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯ್ತು. ಬೇರೆ ಕಡೆ ಪ್ರತಿ ಇಡದವರ ಡೇಟಾ ಬೂದಿಯಾಯ್ತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಒಂದು ಖಾಸಗಿ ಕ್ಲೌಡ್ ಗೂಗಲ್ ಕ್ಲೌಡ್ ಕಡೆಯ ಒಂದು ತಪ್ಪು ಸೆಟ್ಟಿಂಗ್‌ನಿಂದ ಅಳಿಸಿಹೋಯ್ತು. ವ್ಯವಸ್ಥೆ ಮತ್ತೆ ಎದ್ದು ನಿಲ್ಲೋಕೆ ಇನ್ನೊಂದು ಕಂಪನಿಯಲ್ಲಿಟ್ಟಿದ್ದ ಬ್ಯಾಕಪ್ ಕೂಡ ಆಸರೆಯಾಯ್ತು. ಐದು ಲಕ್ಷಕ್ಕೂ ಹೆಚ್ಚು ಸದಸ್ಯರಿರೋ ಸಂಸ್ಥೆಯ ಕಥೆ ಇದು.

ಕೊಲ್ಲಿ ನಾಡಲ್ಲಿ ಇನ್ನೊಂದು ಅಪಾಯ ಇದೆ, ಇದನ್ನ ಯಾರೂ ಹೇಳಲ್ಲ. ಕ್ಲೌಡ್ ಖಾತೆಯನ್ನ ಕೆಲವೊಮ್ಮೆ ತೆರೆಯೋದು ಅಕೌಂಟೆಂಟು, ಅವರ ಸ್ವಂತ ಇಮೇಲ್‌ನಲ್ಲಿ, ಅವರದೇ ಮೊಬೈಲ್ ನಂಬರಿಗೆ ಒಟಿಪಿ ಬರೋ ಹಾಗೆ. ನಾಳೆ ಅವರು ಕೆಲಸ ಬಿಟ್ಟು ವೀಸಾ ರದ್ದು ಮಾಡಿಸಿ ಊರಿಗೆ ಹೋಗ್ತಾರೆ, ಇಲ್ಲಿನ ಸಿಮ್ ನಿಂತುಹೋಗುತ್ತೆ. ಬೆಂಕಿಯಿಲ್ಲ, ಮಳೆಯಿಲ್ಲ, ಆದರೂ ಮಾಲೀಕರಿಗೆ ತಮ್ಮದೇ ಲೆಕ್ಕ ಸಿಗಲ್ಲ!

ಹಾಗಾಗಿ ನಾಲ್ಕು ಕೆಲಸ ಮಾಡಿ. ಖಾತೆಯ ಮುಖ್ಯ ಅಧಿಕಾರ ಕಂಪನಿ ಇಮೇಲ್‌ನಲ್ಲಿ, ಮಾಲೀಕರ ನಂಬರಿನಲ್ಲಿ ಇರಲಿ. ನೌಕರರಿಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ ಕೊಡಿ. ವಾರಕ್ಕೊಮ್ಮೆ ಒಂದು ಪ್ರತಿ ಬೇರೆ ಕಂಪನಿಯ ಕ್ಲೌಡ್‌ಗೆ ಅಥವಾ ಹೊರಗಿನ ಡಿಸ್ಕಿಗೆ ಹೋಗಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನ ನಿಜವಾಗ್ಲೂ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ.

ಕಟ್ಟಡ, ಕರೆಂಟು, ಕಾವಲು ಬಾಡಿಗೆಗೆ ಸಿಗುತ್ತೆ. ಜವಾಬ್ದಾರಿ ಸಿಗಲ್ಲ, ಅದು ಮಾಲೀಕರದ್ದೇ. ನಿಮ್ಮ ಲೆಕ್ಕದ ಖಾತೆ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ.