ತಿನ್ನಾಕಲ್ಲಂದ್ರ ಯಾಕ ಆರಿಸ್ತೀ?

ಅಳ್ನಾವರ ಧಾರವಾಡದ ಬಯಲು ಮುಗಿದು ಹಳಿಯಾಳ, ದಾಂಡೇಲಿಯ ಕಾಡು ಶುರುವಾಗುವ ಊರು. ಮೇ ತಿಂಗಳಲ್ಲಿ ಅಲ್ಲಿ ಕವಳಿ ಹಣ್ಣು ಮಾರಾಟಕ್ಕೆ ಬರುತ್ತದೆ. ಕಾಡಂಚಿನ ಹಳ್ಳಿಗಳ ಹೆಣ್ಣುಮಕ್ಕಳು ಮುಳ್ಳುಕಂಟಿಗೆ ಕೈ ಹಾಕಿ, ಗೀರಿಸಿಕೊಂಡು ಬಿಡಿಸಿ ತಂದದ್ದು. ಪಿಎಚ್.ಡಿ.ಯ ಮೊದಲ ವರ್ಷ ನಾನಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಕಿಲೋ ಹಣ್ಣು ಆರಿಸುತ್ತಿದ್ದಾಗ ಮಾರುತ್ತಿದ್ದ ಆಯಿ ಕೇಳಿದರು: ‘ಇಷ್ಟ್ಯಾಕವಾ ತಂಗಿ? ಮನ್ಯಾಗ ಮಂದಿ ಭಾಳ ಅದಾರೇನು?’

‘ಇಲ್ರೀ ಆಯಿ, ಲ್ಯಾಬಿಗೆ. ತಿನ್ನಾಕಲ್ಲ.’

‘ತಿನ್ನಾಕಲ್ಲಂದ್ರ ಛಲೋ ಛಲೋವು ಯಾಕ ಆರಿಸಾಕತ್ತೀ? ಹೊಳ್ಳಿ ಇಡು.’

ನಗುತ್ತಲೇ ಹೇಳಿದ್ದು. ಆದರೆ ನನ್ನ ಸಂಶೋಧನೆಯ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾವ ಸೆಮಿನಾರಿನಲ್ಲೂ ಯಾರೂ ಕೇಳಿಲ್ಲ.

ಆ ಹಣ್ಣಿಗೆ ನಾನು ಮಾಡಿದ್ದಿಷ್ಟು. ಒಣಗಿಸಿ ಪುಡಿ ಮಾಡಿ ಮೆಥನಾಲಿನಲ್ಲಿ ನೆನೆಹಾಕಿದೆ. ಸೋಸಿದ ರಸವನ್ನು ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಹಾಕಿದೆ. ನೇರಳೆ ಬಣ್ಣ ಹಳದಿಗೆ ತಿರುಗಿತು. ಎಷ್ಟು ತಿರುಗಿತೋ ಹಣ್ಣು ಅಷ್ಟು ದೊಡ್ಡ ಆ್ಯಂಟಿಆಕ್ಸಿಡೆಂಟ್. ಇನ್ನೊಂದು ಟ್ಯೂಬಿಗೆ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿ ಒಟ್ಟು ಫ್ಲೇವನಾಯ್ಡ್ ಅಳೆದೆ. ರಸ ತಯಾರಾದ ಮೇಲೆ ಎರಡು ದಿನದ ಕೆಲಸ. ಕವಳಿ ತೆಗೆದು ನೇರಳೆ ಹಾಕಿ, ನೆಲ್ಲಿ ಹಾಕಿ, ಮುರುಗಲು ಹಾಕಿ, ಇನ್ನೊಂದು ಪ್ರಬಂಧ ಸಿದ್ಧ. ಕೊನೆಯ ಪ್ಯಾರಾ ಎಲ್ಲದಕ್ಕೂ ಒಂದೇ: ಈ ಹಣ್ಣಿಗೆ ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳನ್ನು ತಡೆಯುವ ಸಾಧ್ಯತೆಯಿದೆ. ‘ಸಾಧ್ಯತೆ’ ಎಂಬ ಪದ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನಕ್ಕೆ ಡಾಕ್ಟರೇಟೇ ಸಿಗುತ್ತಿರಲಿಲ್ಲ. ನಾನೂ ಆ ಪದ ಬರೆದಿದ್ದೇನೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ಅಂಕಿ ಆಹಾರದ ಅಂಕಿಯಲ್ಲ. ಡಿಪಿಪಿಎಚ್ ನಮ್ಮ ಮೈಯಲ್ಲಿ ಎಲ್ಲೂ ಇಲ್ಲ. ಅದು ಬಾಟಲಿಯಲ್ಲಿ ಬರುವ ಪುಡಿ, 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಅದನ್ನು ಇಂಥ ಪರೀಕ್ಷೆಗೆ ಬಳಸಿ ತೋರಿಸಿದ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಕವಳಿ ತಿಂದವರ ಬೆರಳಿಗೆ ಅಂಟುವ ಆ ಕಡುಗೆಂಪು ಬಣ್ಣ ಆಂಥೋಸಯಾನಿನ್, ಫ್ಲೇವನಾಯ್ಡುಗಳದೇ ಒಂದು ಬಳಗ. ತಿಂದದ್ದರಲ್ಲಿ ತೀರಾ ಸ್ವಲ್ಪ ಭಾಗ ಮಾತ್ರ ಇದ್ದ ಹಾಗೇ ರಕ್ತಕ್ಕೆ ಸೇರುತ್ತದೆ. ಉಳಿದದ್ದನ್ನು ಕರುಳಿನ ಸೂಕ್ಷ್ಮಜೀವಿಗಳು ಒಡೆಯುತ್ತವೆ, ಯಕೃತ್ತು ಬದಲಿಸುತ್ತದೆ. ನಾನು ಟ್ಯೂಬಿನಲ್ಲಿ ಅಳೆದ ವಸ್ತುವೇ ಬೇರೆ, ರಕ್ತದಲ್ಲಿ ಓಡಾಡುವ ವಸ್ತುವೇ ಬೇರೆ.

ಇದೇನು ಗುಟ್ಟಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆ್ಯಂಟಿಆಕ್ಸಿಡೆಂಟ್ ಶಕ್ತಿಯ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ಆ ಅಂಕಿಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ಕಾಣುತ್ತಿಲ್ಲ, ಕಂಪನಿಗಳು ಮಾತ್ರ ಅದನ್ನು ಜಾಹೀರಾತಿಗೆ ಬಳಸುತ್ತಿವೆ ಎಂದು 2012ರಲ್ಲಿ ತೆಗೆದುಹಾಕಿತು. ಅದಕ್ಕೂ ಮೊದಲು, 1994ರಲ್ಲಿ, ಫಿನ್‌ಲ್ಯಾಂಡಿನಿಂದ ಇನ್ನೂ ಕಹಿಯಾದ ಸುದ್ದಿ ಬಂದಿತ್ತು. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್ ಫ್ಲೇವನಾಯ್ಡ್ ಅಲ್ಲದಿದ್ದರೂ ಇದೇ ಆ್ಯಂಟಿಆಕ್ಸಿಡೆಂಟ್ ಕತೆಯ ಹೀರೋ. 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಅದನ್ನು ಗುಳಿಗೆಯಾಗಿ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಬಂತು. ಆ ಗಂಡಸರಲ್ಲಿ ಬಹಳ ಜನ ನಾನು ಹುಟ್ಟುವ ಮೊದಲೇ ಆ ಗುಳಿಗೆ ನುಂಗಿ ಮುಗಿಸಿದ್ದರು. ನಾವು ಇನ್ನೂ ನೇರಳೆ ಬಣ್ಣವನ್ನು ಹಳದಿ ಮಾಡುತ್ತ ಕೂತಿದ್ದೇವೆ.

‘ಇದು ಮೊದಲ ಹೆಜ್ಜೆ’ ಎನ್ನುತ್ತಾರೆ ಹಿರಿಯರು. ಒಪ್ಪುತ್ತೇನೆ. ಎಷ್ಟು ವರ್ಷ ಒಂದೇ ಹೆಜ್ಜೆ ಇಡುವುದು? ಎರಡನೆಯ ಹೆಜ್ಜೆಗೆ ದುಡ್ಡು ಬೇಕು, ವೈದ್ಯರ ಜೊತೆ ಬೇಕು, ಒಪ್ಪಿ ಬರುವ ಮನುಷ್ಯರು ಬೇಕು, ನಿಜ. ಆದರೆ ಮೊದಲನೆಯದು ಇಷ್ಟು ಹಿಡಿಸಿರುವುದು ಅದರಿಂದ ಪ್ರಬಂಧ ಬೇಗ ಹೊರಬರುತ್ತದೆ ಎಂಬ ಕಾರಣಕ್ಕೂ ಹೌದು. ಥೀಸಿಸ್ ಒಪ್ಪಿಸುವ ಮೊದಲು ಪ್ರಬಂಧ ಅಚ್ಚಾಗಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿತು. ನಿಯಮ ಹೋಯಿತು, ಚಾಳಿ ಹೋಗಲಿಲ್ಲ.

ಫ್ಲೇವನಾಯ್ಡ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1995ರಲ್ಲಿ ನೆದರ್‌ಲ್ಯಾಂಡಿನ ಹಾಲ್ಮನ್ ಮತ್ತು ಸಂಗಡಿಗರು ಮಾಡಿದ ಕೆಲಸ ನೋಡಿ. ದೊಡ್ಡ ಕರುಳು ತೆಗೆಸಿಕೊಂಡಿದ್ದ, ಉಳಿದಂತೆ ಆರೋಗ್ಯವಾಗಿದ್ದ ಒಂಬತ್ತು ಜನರಿಗೆ ಹುರಿದ ಉಳ್ಳಾಗಡ್ಡಿ ತಿನ್ನಿಸಿದರು. ಹೊರಗೆ ಬಂದದ್ದರಲ್ಲಿ ಎಷ್ಟು ಉಳಿದಿದೆ ನೋಡಿ, ಉಳ್ಳಾಗಡ್ಡಿಯ ಕ್ವೆರ್ಸೆಟಿನ್‌ನಲ್ಲಿ ಅರ್ಧದಷ್ಟು ಮೈಗೆ ಹತ್ತಿತೆಂದು ಲೆಕ್ಕ ಹಾಕಿದರು. ಆ ಲೆಕ್ಕದ ಮೇಲೆ ಆಮೇಲೆ ತಕರಾರು ಬಂದವು, ಬರಲಿ. ಅವರು ಆಹಾರವನ್ನು ಆಹಾರವಾಗಿಯೇ, ಅದೂ ಒಲೆಯ ಮೇಲಿಟ್ಟು ಕೊಟ್ಟಿದ್ದರು. ರೊಟ್ಟಿಯ ಜೊತೆ ಉಳ್ಳಾಗಡ್ಡಿಯನ್ನು ಗುದ್ದಿ ತಿನ್ನುವ ಜಿಲ್ಲೆಯವರು ನಾವು. ಆ ಪ್ರಶ್ನೆ ನಮಗೆ ಮೊದಲು ಹೊಳೆಯಬೇಕಿತ್ತು.

ಕವಳಿಯನ್ನು ನಮ್ಮ ಜನ ಕಾಯಿದ್ದಾಗ ಉಪ್ಪಿನಕಾಯಿ ಹಾಕುತ್ತಾರೆ, ಚಟ್ನಿ ಅರೆಯುತ್ತಾರೆ. ಹಣ್ಣಾದಾಗ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ. ವರ್ಷವಿಡೀ ಉಪ್ಪು, ಖಾರ, ಎಣ್ಣೆಯಲ್ಲಿ ನೆಂದ ಕಾಯಿಯಲ್ಲಿ ಏನು ಉಳಿದಿರುತ್ತದೆ? ನಮ್ಮ ಲ್ಯಾಬಿನಲ್ಲಿ ಯಾರೂ ಅಳೆದಿರಲಿಲ್ಲ. ಪ್ರಬಂಧದಲ್ಲಿ ಆ ಜನಕ್ಕೆ ಸಿಗುವುದು ಒಂದೇ ವಾಕ್ಯ: ‘ಸ್ಥಳೀಯರು ಸಾಂಪ್ರದಾಯಿಕವಾಗಿ ಬಳಸುತ್ತಾರೆ’. ಆ ವಾಕ್ಯವನ್ನೂ ನಾನು ಹಳೆಯ ಪ್ರಬಂಧವೊಂದರಿಂದ ಎತ್ತಿದ್ದು, ಆಯಿಯನ್ನು ಕೇಳಿ ಬರೆದದ್ದಲ್ಲ.

ಉಪ್ಪಿನಕಾಯಿಯನ್ನೇ ಅಳೆಯುತ್ತೇನೆಂದು ಹೋದ ವರ್ಷ ಯೋಜನೆ ಬರೆದು ಕೊಟ್ಟೆ. ‘ಮನೆಯ ಉಪ್ಪಿನಕಾಯಿಯಲ್ಲಿ ಹೊಸತೇನಿದೆ?’ ಎಂಬ ಷರಾದೊಂದಿಗೆ ಹಾಳೆ ವಾಪಸು ಬಂತು. ಕೊನೆಗೆ ಬೇರೆ ಅಧ್ಯಾಯದ ಬಾಲಕ್ಕೆ ಅಂಟಿಸಿ ಒಪ್ಪಿಸಿದೆ. ಈ ಏಪ್ರಿಲ್‌ನಲ್ಲಿ ಮತ್ತೆ ಅಳ್ನಾವರಕ್ಕೆ ಹೋಗಿ ಕಾಯಿ ತಂದೆ. ಅದೇ ಆಯಿ ಸಿಕ್ಕರು; ಈ ಸಲ ಉಪ್ಪಿನಕಾಯಿಗೇ ಎಂದೆ. ಆರಿಸಲು ಬಿಟ್ಟರು, ಅಳತೆಯನ್ನೂ ಹೇಳಿದರು: ನಾಲ್ಕು ವಾಟಗ ಕಾಯಿಗೆ ಒಂದು ವಾಟಗ ಹರಳುಪ್ಪು, ಒಂದು ಹನಿ ನೀರೂ ತಾಗಬಾರದು. ಈಗ ಲ್ಯಾಬಿನ ಶೆಲ್ಫಿನಲ್ಲಿ ಮೂರು ಭರಣಿಗಳಿವೆ. ‘ವಿಧಾನ’ದ ಭಾಗದಲ್ಲಿ ಆ ಅಳತೆ ಕೊಟ್ಟವರ ಹೆಸರನ್ನು ಎಲ್ಲಿ ಬರೆಯಬೇಕೆಂದು ಜರ್ನಲ್‌ಗಳ ನಮೂನೆಗಳಲ್ಲಿ ಹುಡುಕುತ್ತಿದ್ದೇನೆ.