ಮದ್ದಿನ ಜೊತೆ ಮಾತನ್ನೂ ಕೊಡಿ

ನಮ್ಮ ಕಾಸರಗೋಡು ಸೀಮೆಯ ಮದ್ದಿನ ಅಂಗಡಿಗಳ ಮೇಲೆ ನನಗೊಂದು ದೂರು ಉಂಟು. ಮದ್ದು ಸಿಗುವುದಿಲ್ಲ ಎಂಬ ದೂರಲ್ಲ. ಮದ್ದು ಧಾರಾಳ ಸಿಗುತ್ತದೆ. ಹಿಂದೆ ಒಂದು ಜ್ವರದ ಗುಳಿಗೆಗೂ ಬಸ್ಸು ಹತ್ತಬೇಕಾಗಿದ್ದ ಊರುಗಳಲ್ಲಿ ಈಗ ಪೇಟೆಯ ಎರಡೂ ತಲೆಗೆ ಮೆಡಿಕಲ್ ಇದೆ. ಸಿಗದೆ ಇರುವುದು ಮಾತು. ಚೀಟಿ ಕೊಟ್ಟರೆ ಕಪಾಟಿನಿಂದ ಸ್ಟ್ರಿಪ್ ತೆಗೆಯುತ್ತಾರೆ, ಕತ್ತರಿಯಲ್ಲಿ ತುಂಡು ಮಾಡುತ್ತಾರೆ, ಕವರಿಗೆ ಹಾಕಿ ಮೇಲೆ 1-0-1 ಎಂದು ಗೀಚುತ್ತಾರೆ, ದುಡ್ಡು ಎಷ್ಟೆಂದು ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ಇದು ಯಾವ ಕಾಯಿಲೆಗೆ, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡುವುದು ಎಂದು ಯಾರೂ ಹೇಳುವುದಿಲ್ಲ. ನಾನು ಹೇಳುವುದಿಷ್ಟೇ: ಮಾತಿಲ್ಲದೆ ಕೊಟ್ಟ ಮದ್ದು ಅರ್ಧ ಮದ್ದು. ಉಳಿದರ್ಧ ಕೊಡುವುದು ಅಂಗಡಿಯವರ ಉಪಕಾರ ಅಲ್ಲ, ಕರ್ತವ್ಯ.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವ. ಸಂಜೆ ಹೊತ್ತು ಈ ವಾಚನಾಲಯದ ಬಾಗಿಲು ತೆಗೆದು ಕೂತುಕೊಳ್ಳುತ್ತೇನೆ. ಪತ್ರಿಕೆ ಓದಲಿಕ್ಕೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆ. ಮದ್ದಿನ ಕವರು ಓದಿಸಲಿಕ್ಕೆ ಬರುವವರು ಜಾಸ್ತಿ. "ಮಾಷ್ಟ್ರೇ, ಇದು ಎಂತದ್ದು ಅಂತ ಒಮ್ಮೆ ನೋಡಿ ಹೇಳಿ" ಎಂದು ಮೇಜಿನ ಮೇಲೆ ಸುರಿಯುತ್ತಾರೆ. ನಾನು ಡಾಕ್ಟ್ರಲ್ಲ. ಹೆಸರು ಓದಿ, ಆಸ್ಪತ್ರೆಯ ಸಿಸ್ಟರಿಗೆ ಫೋನು ಮಾಡಿ ಕೇಳಿ ಹೇಳುತ್ತೇನೆ. ಹೀಗೆ ಕಂಡದ್ದರಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಅಜ್ಜನಿಗೆ ರಕ್ತದೊತ್ತಡ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪುಕ್ಕಟೆ ಸಿಗುವ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರು. ಮಗ ಮಂಗಳೂರಿಗೆ ಕರಕೊಂಡು ಹೋದ. ಅಲ್ಲಿನ ಡಾಕ್ಟ್ರು ಅದೇ ಮದ್ದನ್ನು ಒಂದು ಕಂಪೆನಿಯ ಹೆಸರಿನಲ್ಲಿ ಬರೆದರು. ಊರಿನ ಅಂಗಡಿಯಿಂದ ತಂದದ್ದೂ ಆಯಿತು. ಹೆಸರು ಬೇರೆ, ಬಣ್ಣ ಬೇರೆ. ಅಜ್ಜ ಎರಡನ್ನೂ ನುಂಗಿದರು. ಕಾಲು ಬಾತುಕೊಂಡಿತು, ಎದ್ದು ನಿಂತರೆ ತಲೆ ತಿರುಗಿತು. ಇನ್ನೊಬ್ಬರಿಗೆ ಉಬ್ಬಸ. ಸಣ್ಣ ಯಂತ್ರದಲ್ಲಿ ಹಾಕಿ ಬಾಯಿಯಿಂದ ಸೇದಿಕೊಳ್ಳಬೇಕಾದ ಕ್ಯಾಪ್ಸೂಲನ್ನು ಅವರು ತಿಂಗಳಿಡೀ ನೀರು ಕುಡಿದು ನುಂಗಿದ್ದರು. ಯಂತ್ರ ಪೆಟ್ಟಿಗೆಯಲ್ಲೇ ಇತ್ತು. "ಅದು ಮಕ್ಕಳ ಆಟದ ಸಾಮಾನು ಫ್ರೀ ಕೊಟ್ಟದ್ದಾಂತ ಎಣಿಸಿದೆ" ಎಂದರು. ಮೂರನೆಯವರು ಮನೆ ಬಿಟ್ಟು ಹೆಚ್ಚು ಹೊರಗೆ ಹೋಗದ, ಮಲಯಾಳ ಬಾರದ ಒಬ್ಬರು ಅಮ್ಮ. ಕೌಂಟರಿನಲ್ಲಿದ್ದವರು "ಉಚ್ಚಕ್ಕ್ ಒನ್ನ್" ಎಂದರಂತೆ. ಮಧ್ಯಾಹ್ನಕ್ಕೆ ಒಂದು ಎಂದು ಅದರ ಅರ್ಥ. ಅಮ್ಮನಿಗೆ ಕೇಳಿಸಿದ್ದು ನಮ್ಮ "ಉಚ್ಚೆ". ಮೂತ್ರದ ತೊಂದರೆಗೆ ಕೊಟ್ಟದ್ದೆಂದು ತಿಳಿದು, "ನನಗೆ ಆ ತೊಂದರೆ ಇಲ್ಲವಲ್ಲ" ಎಂದು ಆ ಗುಳಿಗೆಯನ್ನು ಮುಟ್ಟಲೇ ಇಲ್ಲ. ಅದು ಸಕ್ಕರೆ ಕಾಯಿಲೆಯದ್ದು.

ಮೂರನೆಯದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ನಗು ಬರುವಂಥದ್ದೇ. ಆದರೆ ನಗುವ ಮೊದಲು ಒಂದು ಪ್ರಶ್ನೆ. ಈ ಮೂರೂ ಕಡೆ ಡಾಕ್ಟ್ರು ಬರೆದದ್ದು ಸರಿ, ಅಂಗಡಿಯವರು ಕೊಟ್ಟ ಮದ್ದೂ ಸರಿ. ಹಾಗಾದರೆ ತಪ್ಪಿದ್ದು ಎಲ್ಲಿ? ಎರಡು ನಿಮಿಷದ ಮಾತಿನಲ್ಲಿ. "ಮೊದಲು ಯಾವ ಮದ್ದು ತೆಗೆದುಕೊಳ್ಳುತ್ತಾ ಇದ್ದೀರಿ?" ಎಂದು ಕೇಳಿದ್ದರೆ ಅಜ್ಜನ ಕಾಲು ಬಾತುಕೊಳ್ಳುತ್ತಿರಲಿಲ್ಲ.

ಇದು ಗಡಿಯ ಊರಿನ ಕಷ್ಟವೂ ಹೌದು. ನಮ್ಮ ರೇಶನ್ ಕಾರ್ಡು ಕೇರಳದ್ದು, ದೊಡ್ಡ ಕಾಯಿಲೆಗೆ ಓಡುವುದು ಮಂಗಳೂರಿಗೆ. 2020ರಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ ರೋಗಿಗಳನ್ನು ಹಿಂದೆ ಕಳುಹಿಸಿದಾಗ ನಾವೆಲ್ಲ ಬೊಬ್ಬೆ ಹಾಕಿದೆವು, ಹಾಕಲೇಬೇಕಿತ್ತು, ಜೀವಗಳು ಹೋದವು. ಈಗ ರಸ್ತೆ ತೆರೆದಿದೆ. ಆದರೆ ಮಂಗಳೂರಿನ ಚೀಟಿಯಲ್ಲಿ ಏನಿದೆ ಎಂದು ಇಲ್ಲಿನ ಆರೋಗ್ಯ ಕೇಂದ್ರಕ್ಕೆ ಗೊತ್ತಿಲ್ಲ, ಇಲ್ಲಿ ಕೊಟ್ಟದ್ದು ಅಲ್ಲಿಗೆ ಗೊತ್ತಿಲ್ಲ. ಎರಡೂ ಚೀಟಿ ಕೂಡುವ ಜಾಗ ಒಂದೇ, ಊರಿನ ಮದ್ದಿನ ಅಂಗಡಿಯ ಕೌಂಟರ್. ಅಲ್ಲಿ ಕೂತವರು ಮಾತಾಡದಿದ್ದರೆ ಇನ್ನು ಮಾತಾಡುವವರು ಯಾರೂ ಇಲ್ಲ.

ಇದನ್ನು ಕಾನೂನೇ ಹೇಳಿದೆ. ಚೀಟಿಯ ಮದ್ದನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕೆಂದು 1948ರ ಫಾರ್ಮಸಿ ಕಾಯ್ದೆ ಹೇಳುತ್ತದೆ. 2015ರಲ್ಲಿ ಬಂದ ಫಾರ್ಮಸಿ ವೃತ್ತಿಯ ನಿಯಮಗಳು ಇನ್ನೂ ಮುಂದೆ ಹೋಗಿವೆ. ರೋಗಿ ಕೇಳುವ ತನಕ ಕಾಯಬಾರದು, ಫಾರ್ಮಸಿಸ್ಟರು ತಾವಾಗಿಯೇ ಮಾತು ತೆಗೆಯಬೇಕು. ಮದ್ದಿನ ಹೆಸರು, ಅದು ಯಾವುದಕ್ಕೆ, ಎಷ್ಟು ಪ್ರಮಾಣ, ಎಷ್ಟು ದಿನ, ಆಗಬಹುದಾದ ತೊಂದರೆ, ಇಡುವ ಕ್ರಮ, ಒಂದು ಹೊತ್ತು ತಪ್ಪಿದರೆ ಮಾಡಬೇಕಾದದ್ದು, ಇಷ್ಟನ್ನೂ ತಿಳಿಸಬೇಕು. ರೋಗಿ ಬರಲಾಗದಿದ್ದರೆ ನೋಡಿಕೊಳ್ಳುವವರಿಗೆ ಹೇಳಬೇಕು. ನಮ್ಮೂರಿನಲ್ಲಿ ಎಷ್ಟು ಮಂದಿಗೆ ಈ ಹಕ್ಕು ಗೊತ್ತುಂಟು? ಎಷ್ಟು ಅಂಗಡಿಯಲ್ಲಿ ಸರ್ಟಿಫಿಕೇಟು ಗೋಡೆಯಲ್ಲಿ ತೂಗುತ್ತದೆ, ಆ ಹೆಸರಿನವರು ಮಾತ್ರ ಕಾಣಿಸುವುದಿಲ್ಲ?

ಅಂಗಡಿಯವರ ಉತ್ತರ ನನಗೆ ಗೊತ್ತು. "ರಶ್ ಇರುವಾಗ ಮಾತಾಡಿಕೊಂಡು ಕೂತರೆ ಆಗ್ತದಾ ಮಾಷ್ಟ್ರೇ?" ರಶ್ ಇದ್ದಾಗಲೂ ಚಿಲ್ಲರೆ ಎಣಿಸಿಯೇ ಕೊಡುತ್ತಾರೆ. ಹತ್ತು ರೂಪಾಯಿಯ ಲೆಕ್ಕಕ್ಕೆ ಇರುವ ಸಮಯ ಗುಳಿಗೆಯ ಲೆಕ್ಕಕ್ಕೂ ಇರಬೇಕು. "ಡಾಕ್ಟ್ರು ಹೇಳಿರ್ತಾರಲ್ಲ" ಎಂಬುದು ಎರಡನೆಯ ಉತ್ತರ. ಡಾಕ್ಟ್ರ ಕೋಣೆಯಲ್ಲಿ ಹೆದರಿ ಕೂತವನಿಗೆ ಅರ್ಧ ಕೇಳಿಸಿರುವುದಿಲ್ಲ, ಕೇಳಿಸಿದ್ದು ಬಸ್ಸಿಳಿಯುವಾಗ ಮರೆತಿರುತ್ತದೆ. ಮೂರನೆಯದು ಸಂಬಳದ ಮಾತು. ಅದರಲ್ಲಿ ಸತ್ಯ ಉಂಟು. ಓದಿ ಬಂದ ಫಾರ್ಮಸಿಸ್ಟರಿಗೆ ಕಡಿಮೆ ಸಂಬಳ ಕೊಟ್ಟು ಕಟ್ಟು ಕಟ್ಟುವ ಕೆಲಸ ಮಾಡಿಸುವ ಮಾಲಕರಿದ್ದಾರೆ. ಆ ಜಗಳದಲ್ಲಿ ನಾನು ಫಾರ್ಮಸಿಸ್ಟರ ಪಕ್ಷ. ಆದರೆ ಅದಕ್ಕೆ ಬೆಲೆ ತೆರಬೇಕಾದವರು ಆ ಅಜ್ಜ ಅಲ್ಲ.

ಚೆನ್ನಾಗಿ ಮಾಡುವವರೂ ಇದ್ದಾರೆ. ಇಲ್ಲಿಂದ ಸ್ವಲ್ಪ ದೂರದ ಒಂದು ಅಂಗಡಿಯಲ್ಲಿ ಒಬ್ಬರು ಹೆಣ್ಣುಮಗಳು ಫಾರ್ಮಸಿಸ್ಟ್. ಕೆಮ್ಮಿನ ಮದ್ದು ಕೇಳಿದವನಿಗೆ ಅವರ ಮೊದಲ ಪ್ರಶ್ನೆ, "ನಿಮಗೆ ಎಂತ ಕೆಲಸ?" ಅವ ಅಡಕೆ ಮರ ಹತ್ತುವವ. ತೂಕಡಿಕೆ ಬರಿಸುವ ಸಿರಪ್ ಕುಡಿದು ಮರದ ತುದಿಗೆ ಹೋದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಅವರು ಬೇರೆ ಮದ್ದು ಕೊಟ್ಟು, ಎರಡು ದಿನ ಮರ ಹತ್ತಬೇಡಿ ಎಂದೂ ಹೇಳಿದರು. ಸಕ್ಕರೆ ಕಾಯಿಲೆಯವರಲ್ಲಿ ಉಪವಾಸ ಹಿಡಿಯುತ್ತೀರಾ ಎಂದು ಕೇಳುತ್ತಾರೆ. ಏಕಾದಶಿ ಇರಲಿ, ರಂಜಾನ್ ಇರಲಿ, ಗ್ಲಿಮೆಪಿರೈಡಿನಂಥ ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿದು ಮನುಷ್ಯ ಬಿದ್ದುಬಿಡುತ್ತಾನೆ. ಡಾಕ್ಟ್ರನ್ನು ಕೇಳದೆ ಉಪವಾಸ ಮಾಡಬೇಡಿ ಎಂದು ಅವರು ಮೊದಲೇ ಹೇಳುತ್ತಾರೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದ್ದು. ದಿನಾ ತಿಂದರೆ ಪ್ರಾಣಕ್ಕೇ ಬರುತ್ತದೆ. ಆ ಕವರಿನ ಮೇಲೆ ಅವರು ವಾರದ ಹೆಸರನ್ನೇ ಬರೆಯುತ್ತಾರೆ. ರೋಗವನ್ನಷ್ಟೇ ನೋಡದೆ ಮನುಷ್ಯನನ್ನು ನೋಡಿ ಮದ್ದು ಕೊಡುವುದೆಂದರೆ ಇದು. ಇದಕ್ಕೆ ಕಂಪ್ಯೂಟರ್ ಬೇಡ, ಏಸಿ ಬೇಡ.

ಇನ್ನು ನಮ್ಮವರ ಕಡೆಗೆ ತಿರುಗುತ್ತೇನೆ. ಅಡಕೆಗೆ ಕೊಳೆರೋಗದ ಮದ್ದು ಬಿಡುವಾಗ ನಮ್ಮ ಕೃಷಿಕರ ವಿಚಾರಣೆ ನೋಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಒಳ್ಳೆಯದಾ, ಮಳೆ ಬಿಟ್ಟಿದೆಯಾ, ಎರಡನೆಯ ಸಲ ಯಾವಾಗ ಎಂದು ಹತ್ತು ಜನರಲ್ಲಿ ಕೇಳುತ್ತಾರೆ. ಅದೇ ಮನುಷ್ಯ ತನ್ನ ಹೊಟ್ಟೆಗೆ ಹಾಕುವ ಮದ್ದಿನ ಬಗ್ಗೆ ಒಂದು ಮಾತು ಕೇಳುವುದಿಲ್ಲ. ಮರಕ್ಕಿರುವ ಬೆಲೆ ಮೈಗಿಲ್ಲವಾ? ಕೆಲವರು ಚೀಟಿಯೇ ಇಲ್ಲದೆ ಹೋಗಿ "ಮೊನ್ನೆಯದ್ದೇ ಎರಡು ಗುಳಿಗೆ ಕೊಡಿ ಸಾಕು" ಎನ್ನುತ್ತಾರೆ. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳ ಸರಕಾರ 2024ರಲ್ಲಿ ಆಪರೇಶನ್ ಅಮೃತ್ ಶುರು ಮಾಡಿತು, ಆ ಮದ್ದನ್ನು ನೀಲಿ ಕವರಿನಲ್ಲಿ ಕೊಡುವ ಕ್ರಮವೂ ಬಂತು. ಒಳ್ಳೆಯದೇ. ಆದರೆ ನೀಲಿ ಬಣ್ಣದ ಅರ್ಥ ಏನೆಂದು ಬಾಯಿಬಿಟ್ಟು ಹೇಳದಿದ್ದರೆ ಅದು ಬರೀ ಒಂದು ಕವರು, ಮನೆಯಲ್ಲಿ ಏಲಕ್ಕಿ ಹಾಕಿಡಲಿಕ್ಕೆ ಆದೀತು.

ಕನ್ನಡ ಹೋರಾಟದ ಗೆಳೆಯರಿಗೂ ಒಂದು ಮಾತು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಕನ್ನಡದಲ್ಲಿ ಅರ್ಜಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಭಾಷಾ ಕಾಯ್ದೆಯಲ್ಲಿ ಉಂಟು. ಅದು ಸರಕಾರಿ ಕಚೇರಿಗೆ ಮಾತ್ರ. ಫಲಕಕ್ಕೆ, ಶಾಲೆಯ ಹುದ್ದೆಗೆ ಹೋರಾಡುವವರನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಬೀದಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಮ್ಮ ಮರ್ಯಾದೆಗೆ ಪೆಟ್ಟು. ಮದ್ದಿನ ಕವರಿನಲ್ಲಿ ಇಲ್ಲದಿದ್ದರೆ ಪ್ರಾಣಕ್ಕೆ ಪೆಟ್ಟು. ಸಪ್ತಭಾಷೆಯ ನಾಡು ಎಂದು ವೇದಿಕೆಯಲ್ಲಿ ಹೊಗಳಿಕೊಳ್ಳುವ ನಾವು ಆ ಅಮ್ಮನಿಗೆ "ಮಧ್ಯಾಹ್ನ" ಎಂಬ ಒಂದು ಶಬ್ದ ಸಿಗುವಂತೆ ಮಾಡಬೇಡವೇ? ಕೌಂಟರಿನ ಹುಡುಗ ತೆಂಕಿನಿಂದ ಬಂದವನಾದರೆ ಅದು ಅವನ ಅಪರಾಧ ಅಲ್ಲ. ಹತ್ತು ಶಬ್ದ ಕಲಿಸಿದರೆ ಕಲಿಯುತ್ತಾನೆ. ತುಳುವರಿಗೆ ತುಳು, ಬ್ಯಾರಿಗಳಿಗೆ ಬ್ಯಾರಿ, ಅವರವರ ಬಾಯಿಯ ಮಾತೇ ಆಗಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು, ಫಾರ್ಮಸಿಸ್ಟರು ಅಂಗಡಿಯಲ್ಲಿ ಇರಬೇಕು, ಗೋಡೆಯಲ್ಲಿ ಅಲ್ಲ. ಎರಡು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟದ ಮೊದಲು, ಊಟದ ನಂತರ ಎಂದು ಕನ್ನಡ ಮತ್ತು ಮಲಯಾಳದಲ್ಲಿ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಕವರಿಗೆ ಒತ್ತಬೇಕು. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಸಾಕು. ಮೂರು, ಹೊಸ ಮದ್ದು ಕೊಡುವಾಗ ನಾಲ್ಕು ಪ್ರಶ್ನೆ ಕೇಳಬೇಕು: ಬೇರೆ ಯಾವ ಮದ್ದು ಉಂಟು, ಎಷ್ಟು ಹೊತ್ತಿಗೆ ಉಣ್ಣುತ್ತೀರಿ, ಎಂತ ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರು ಯಾರು. ಕೊನೆಗೆ, ಹೇಳಿದ್ದನ್ನು ಅವರ ಬಾಯಿಯಿಂದಲೇ ಒಮ್ಮೆ ತಿರುಗಿ ಹೇಳಿಸಬೇಕು. ಶಾಲೆಯಲ್ಲಿ ನಾವು ಮಗ್ಗಿ ಹೇಳಿಸಿದ ಹಾಗೆ.

ಓದುಗರಿಗೂ ಕೆಲಸ ಉಂಟು. ಮನೆಯಲ್ಲಿರುವ ಎಲ್ಲ ಮದ್ದನ್ನೂ, ಪುಕ್ಕಟೆಯದ್ದು, ಮಂಗಳೂರಿನದ್ದು, ಕಷಾಯ, ಲೇಹ್ಯ ಸಮೇತ, ಒಂದು ಚೀಲಕ್ಕೆ ಹಾಕಿ ಮುಂದಿನ ಸಲ ಅಂಗಡಿಗೆ ಕೊಂಡುಹೋಗಿ. ಕೌಂಟರಿನಲ್ಲಿ ಇಟ್ಟು, "ಇದನ್ನೆಲ್ಲ ಒಟ್ಟಿಗೆ ತಿನ್ನಬಹುದಾ?" ಎಂದು ಕೇಳಿ. ಉತ್ತರ ಬರುವ ತನಕ ಅಲ್ಲಿಂದ ಅಲ್ಲಾಡಬೇಡಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ; ಅವರಿಗೂ ಅದೇ ಉತ್ತರ ಬೇಕಾಗಿದೆ.